ಎಡ ಭುಜಕ್ಕೆ ಇಶಾಪುರದ ರೈಫಲ್

ಅಗಸಿ ಎಣ್ಣೆಯ ವಾಸನೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ, ಕೆನ್ನೆಗೆ ತಾಗಿದ ಮರ ಇನ್ನೂ ತಣ್ಣಗೇ ಇದೆ, ಚಾಪೆಯ ಮೇಲೆ ಬೋರಲು ಮಲಗಿದ ಮಹಾಶ್ವೇತಾಳ ಎಡಗಣ್ಣಿಗೆ ಪೀಪ್ ಸೈಟಿನ ದುಂಡು ತೂತು, ತೂತಿನೊಳಗೆ ನಳಿಗೆಯ ತುದಿಯ ಕಪ್ಪು ಕಡ್ಡಿ, ಕಡ್ಡಿಯಾಚೆ ಮುನ್ನೂರು ಗಜ ದೂರದಲ್ಲಿ ಬಿಳಿ ಹಲಗೆ, ಹಲಗೆಯ ನಡುವೆ ಕರಿ ವೃತ್ತ — ಸಿಡ್ನಿಯ ಈ ಅಂಚಿಗೆ ಮಲಬಾರ್ ಅಂತ ಯಾರು ಹೆಸರಿಟ್ಟರೋ, ತೆಂಗಿಲ್ಲ, ಮೆಣಸಿಲ್ಲ, ಬರೀ ಗಾಳಿ, ಬಲದಿಂದ ಬೀಸುತ್ತಿದೆ, ಕೆಂಪು ಬಾವುಟ ಪಟಪಟ ಅನ್ನುತ್ತಿದೆ, ಬಾವುಟದ ಕಡೆ ನೋಡಬಾರದು, ಕಡ್ಡಿಯನ್ನು ನೋಡಬೇಕು. ಹಳೇ ಮಿಲಿಟರಿ ರೈಫಲ್‌ಗಳ ಪಂದ್ಯ, ಸಾಲಿನಲ್ಲಿ ಹೆಂಗಸು ಇವಳೊಬ್ಬಳೇ, ರೈಫಲನ್ನು ಎಡ ಭುಜಕ್ಕೆ ಇಟ್ಟವಳೂ ಇವಳೊಬ್ಬಳೇ, ಕನ್ನಡಕದ ಬಲಗಾಜಿಗೆ ಟೇಪು ಅಂಟಿಸಿಕೊಂಡಿದ್ದಾಳೆ, ನೋಡುವವರಿಗೆ ಹೇಗೆ ಕಾಣುತ್ತಿದ್ದಾಳೋ, ಕಾಣಲಿ. ಹಿಂದೆ ಮಡಚುವ ಕುರ್ಚಿಯಲ್ಲಿ ಗಂಡ ವಿರುಪಾಕ್ಷ, ಕ್ಲಬ್ಬಿನವರು ಕೊಟ್ಟ ದೂರದರ್ಶಕದ ಮುಂದೆ ಬಗ್ಗಿ ಕೂತಿದ್ದಾನೆ, ಅವನ ಕೆಮ್ಮು ಕೇಳಿಸುತ್ತದೆ, ಗಾಬರಿಯಾದಾಗ ಅವನಿಗೆ ಬರುವ ಕೆಮ್ಮು ಅದು, ಮದುವೆಯ ದಿನವೂ ಹೀಗೇ ಕೆಮ್ಮಿದ್ದ. ಕ್ಲಬ್ಬಿನ ಹಿರಿಯ ಹ್ಯಾರಿಸ್ ಸಾಲಿನ ಕೊನೆಯಲ್ಲಿ ನಿಂತಿದ್ದಾನೆ, ಅಪ್ಪಣೆ ಇನ್ನೂ ಕೊಟ್ಟಿಲ್ಲ.

ಉಸುರು ಅರ್ಧ ಬಿಟ್ಟು ಹಿಡೀರಿ ಅಂದವರು ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಕಲಿಸುತ್ತಿದ್ದ ಹವಾಲ್ದಾರ್ ಗೋಪೀನಾಥ, ಆದರೆ ಅದು ಸಣ್ಣ ಪಾಯಿಂಟ್ ಟೂಟೂ ರೈಫಲ್ಲಿಗೆ, ಪಟಾಕಿಯಷ್ಟೂ ಸದ್ದು ಮಾಡದ್ದಕ್ಕೆ. ದೊಡ್ಡ ತ್ರೀ ನಾಟ್ ತ್ರೀ ರೈಫಲ್ ಹುಡುಗರಿಗೆ, ಹುಡುಗಿಯರಿಗೆ ಅಲ್ಲ ಅಂದರು, ಭುಜ ಮುರದು ಕೈಯಾಗ ಬರ್ತೈತಿ ತಂಗಿ, ನಿಮ್ಮಪ್ಪಗ ನಾ ಏನ್ ಹೇಳ್ಲಿ. ಆದರೂ ಪೆರೇಡಿಗೆ ತ್ರೀ ನಾಟ್ ತ್ರೀಯನ್ನೇ ಹೊರಿಸಿದರು, ನಳಿಗೆಗೆ ತೂತು ಕೊರೆದು ಸಾಯಿಸಿದ ರೈಫಲ್, ಹೊಡೆಯಲು ಬಾರದ್ದು, ಹೊರಲು ಮಾತ್ರ. ಇಡೀ ಕಾಲೇಜು ಕಾಲವೆಲ್ಲ ಆ ಹೆಣವನ್ನು ಹೊತ್ತು ನಡೆದಳು, ಬೆರಳ ತುದಿಗೆ ಅದರ ಮೇಲಿನ ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯ ಮುದ್ರೆ ತಾಗುತ್ತಿತ್ತು, ಸಣ್ಣ ಕಿರೀಟ, ಅದರ ಕೆಳಗೆ ಅಕ್ಷರಗಳು. ಭುಜ ಬಿಸಿಲಿಗೆ ಸುಡುತ್ತಿತ್ತು, ಆಗ ಅವಳಿಗೆ ಎರಡು ಭುಜಗಳೂ ಒಂದೇ ಆಗಿದ್ದವು, ಯಾವುದು ಬಲ ಯಾವುದು ಎಡ ಎಂದು ಯಾರು ಯೋಚಿಸುತ್ತಾರೆ.

ಬಲ ಎದೆಯನ್ನು ತೆಗೆದದ್ದು 2005ರ ಚಳಿಗಾಲದಲ್ಲಿ, ಕಂಕುಳಿನ ಗಂಟುಗಳನ್ನೂ ತೆಗೆದರು, ಆಮೇಲೆ ಕಿರಣ ಚಿಕಿತ್ಸೆ, ಚರ್ಮ ಸುಟ್ಟ ರೊಟ್ಟಿಯ ಹಾಗೆ ಆಯಿತು, ಆ ಕೈಗೆ ಬಿಗಿಯಾಗಿ ಏನೂ ಕಟ್ಟಬೇಡಿ ಅಂದರು ಡಾಕ್ಟರು, ಬಳೆ ಕೂಡ ಬೇಡ, ಭಾರ ಎತ್ತಬೇಡಿ, ಬೇಡ, ಬೇಡ. ಸಿಡ್ನಿಯ ಕೆಲ್ಲಿವಿಲ್ಲಿನ ಮನೆಗೆ ಬಂದವರೆಲ್ಲ ಪಾತ್ರೆಗಟ್ಟಲೆ ಸಾರು ತಂದು ದನಿ ತಗ್ಗಿಸಿ ಮಾತಾಡಿದರು. ಸುಧಾರಿಸಿಕೊಳ್ಳಲಿ ಅಂತ ಚಿಕ್ಕಮ್ಮನ ಮಗಳು ಅನಸೂಯ ಮೆಲ್ಬರ್ನಿಗೆ ಕರೆಸಿಕೊಂಡಳು, ಅಲ್ಲಿ ಒಂದು ಮಧ್ಯಾಹ್ನ, ಟ್ರ್ಯಾಮ್ ತಪ್ಪಿತು, ಮಳೆ ಬಂತು, ಎದುರಿಗೆ ಹಳೇ ಬಂದೂಕಿನ ಅಂಗಡಿ, ಮಳೆ ನಿಲ್ಲಲಿ ಅಂತ ಒಳಗೆ ಹೋದವರು ಇವರು, ಮೂಲೆಯಲ್ಲಿ ಸೌದೆಯ ಹಾಗೆ ಒರಗಿಸಿಟ್ಟ ಮಿಲಿಟರಿ ರೈಫಲ್‌ಗಳು, ಒಂದರ ಮೇಲೆ ಬೆರಳಾಡಿಸಿದಳು, ಗ್ರೀಸಿನ ಕೆಳಗೆ ಕಿರೀಟ, ಇಶಾಪುರ. ನಳಿಗೆಯಲ್ಲಿ ತೂತಿಲ್ಲ. ಇದಕ್ಕೆ ಜೀವ ಇದೆಯಾ ಅಂತ ಕೇಳಿದಳು, ಅಂಗಡಿಯವನಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಅನಸೂಯ ಅವಳ ತೋಳು ಹಿಡಿದು ನಡಿ ಅಕ್ಕಾ ಹೋಗೂಣು ಅಂದಳು, ಅವಳು ನಡೆಯಲಿಲ್ಲ. ಲೈಸೆನ್ಸಿಗೆ ಓಡಾಡಿದಳು, ಕ್ಲಬ್ಬು ಸೇರಿದಳು, ಗ್ಯಾರೇಜಿನ ನೆಲಕ್ಕೆ ರೈಫಲ್ ಇಡುವ ಉಕ್ಕಿನ ಪೆಟ್ಟಿಗೆ ಕೂರಿಸಿದಳು. ವಿರುಪಾಕ್ಷ ಕೂಗಾಡುವವನಲ್ಲ, ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಅಂದ, ಮಂದಿ ಆಪರೇಷನ್ ಆದಮ್ಯಾಲೆ ಯೋಗ ಮಾಡ್ತಾರ, ನೀ ಬಂದೂಕ ತರ್ತಿ. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಯೋಗಾನೂ ಮಾಡ್ತೀನಿ.

ರೈಫಲ್ ಬಂದಾಗ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು, ಬಿಸಿನೀರು, ಬ್ರಷ್ಷು, ನಳಿಗೆಯೊಳಗೆ ತೂರಿಸಿದ ಬಟ್ಟೆಚೂರು ಮೊದಲು ಕರ್ರಗೆ ಬಂತು, ಆಮೇಲೆ ತುಕ್ಕಿನ ಬಣ್ಣ, ಎಷ್ಟೋ ದಿನದ ಮೇಲೆ ಬೆಳ್ಳಗೆ ಬಂದಾಗ ಒಳಗಿನ ಸುರುಳಿ ಗೀರುಗಳು ಹೊಳೆದವು. ನಳಿಗೆಯ ಕೆಳಗಿನ ಮರವನ್ನು ಯಾವನೋ ಮೊಲದ ಬೇಟೆಗಾರ ಹಗುರಾಗಲಿ ಅಂತ ಅರ್ಧಕ್ಕೆ ಕೊಯ್ದು ಎಸೆದಿದ್ದ, ಅದೇ ಅಂಗಡಿಯಿಂದ ಪೂರ್ತಿ ಉದ್ದದ ಮರ ತರಿಸಿದಳು, ಅಗಸಿ ಎಣ್ಣೆ ಕುಡಿಸಿದಳು, ಅಂಗೈ ಬಿಸಿಯಾಗುವ ತನಕ ತಿಕ್ಕಿದಳು, ಗ್ಯಾರೇಜೆಲ್ಲ ಅವ್ವನ ಅಗಸಿ ಚಟ್ನಿಯ ವಾಸನೆ. ವಯಸ್ಸಿನ ಕಣ್ಣಿಗೆ ಹಳೇ ಸೈಟು ಮಸುಕು, ಪೀಪ್ ಸೈಟ್ ಕೂಡಿಸಿದಳು, ಬಲತೋಳಿಗೆ ಸುತ್ತುವ ರೈಫಲಿನ ಪಟ್ಟಿಯನ್ನು ಬಿಚ್ಚಿಟ್ಟಳು, ಗುಂಡು ತುಂಬುವ ಬೋಲ್ಟ್ ಇರುವುದು ಬಲಕ್ಕೆ, ಎಡಗೈಯನ್ನು ಮೇಲಿನಿಂದ ಚಾಚಿ ಎಳೆಯಬೇಕು, ಖಾಲಿ ರೈಫಲಿನಲ್ಲಿ ಎಳೆದಳು ತಳ್ಳಿದಳು, ಕೈ ತಾನಾಗಿ ದಾರಿ ಕಲಿಯುವ ತನಕ. ಇಷ್ಟೆಲ್ಲ ಆದಮೇಲೆ ಮೊದಲ ಸಲ ಹೊಡೆದರೆ ಗುಂಡುಗಳು ಹಲಗೆಯ ಮೇಲೆಲ್ಲ ಚೆಲ್ಲಾಪಿಲ್ಲಿ, ಎರಡು ಹಲಗೆಗೇ ತಾಗಿರಲಿಲ್ಲ, ಹ್ಯಾರಿಸ್ ಮೆತ್ತಗೆ ಹೇಳಿದ, ನೀನು ಚೆನ್ನಾಗಿಯೇ ಹಿಡಿದಿದ್ದೀಯ, ರೈಫಲಿನ ಕಾಲ ಮುಗಿದಿದೆ, ಗೋಡೆಗೆ ತೂಗುಹಾಕು. ಮುಗಿದಿದೆ ಅನ್ನುವ ಮಾತು ಅವಳಿಗೆ ಆ ವರ್ಷ ಸಾಕಷ್ಟು ಕಿವಿಗೆ ಬಿದ್ದಿತ್ತು. ಮನೆಗೆ ಬಂದು ಎಲ್ಲ ಬಿಚ್ಚಿದಳು, ಮರ ಉಕ್ಕನ್ನು ಹಿಂದಿನ ಎರಡು ಮೂಲೆಯಲ್ಲೂ ಬಿಗಿಯಾಗಿ ತಬ್ಬಿರಬೇಕು, ಇಲ್ಲದಿದ್ದರೆ ಹೊಡೆದಾಗಲೆಲ್ಲ ಅಲುಗಿ ಗುಂಡು ಚೆದುರುತ್ತದೆ, ಎಲ್ಲಿ ಬಿಟ್ಟಿದೆ ಅಂತ ಕಾಣುವುದು ಹೇಗೆ, ಕಾಡಿಗೆ, ಡ್ರೆಸ್ಸಿಂಗ್ ಟೇಬಲ್ಲಿನಲ್ಲಿ ತಿಂಗಳುಗಟ್ಟಲೆ ಮುಟ್ಟದ ಕಾಡಿಗೆ ಡಬ್ಬಿ, ಉಕ್ಕಿಗೆ ಬಳಿದಳು, ಜೋಡಿಸಿ ಸ್ಕ್ರೂ ಬಿಗಿದಳು, ಬಿಚ್ಚಿದಳು — ಎಡ ಮೂಲೆ ಕಪ್ಪು, ಬಲ ಮೂಲೆಯಲ್ಲಿ ಮರ ಹಾಗೇ ಬೆಳ್ಳಗೆ. ಒಂದೇ ಕಡೆ ಹೊಡೆತ ತಿನ್ನುತ್ತಿತ್ತು ಪಾಪ. ಗಟ್ಟಿಮರದ ತೆಳು ಚಕ್ಕೆ ಕೆತ್ತಿ ಅಂಟಿಸಿದಳು, ಅರದಿಂದ ಉಜ್ಜಿದಳು, ಮತ್ತೆ ಕಾಡಿಗೆ, ಮತ್ತೆ ಬಿಚ್ಚು, ಮತ್ತೆ ಉಜ್ಜು, ಬಲಗೈ ಊದಿಕೊಂಡರೆ ಮೇಲೆತ್ತಿ ಕೂತಳು, ಇಳಿದ ಮೇಲೆ ಮತ್ತೆ ಉಜ್ಜಿದಳು. ಒಂದು ಭಾನುವಾರ ಹಿಂದಿನಿಂದ ಬೆಳಕು ಬಿತ್ತು, ವಿರುಪಾಕ್ಷ ಟಾರ್ಚ್ ಹಿಡಿದು ನಿಂತಿದ್ದ, ಎಷ್ಟು ಹೊತ್ತಿನಿಂದಲೋ, ಬಗ್ಗಿ ನೋಡಿ ಅಂದ, ಈ ತುದೀಗೆ ಇನ್ನೂ ಹತ್ತಿಲ್ಲ ನೋಡು ಶ್ವೇತಾ. ಮುಂದೆ ಇಬ್ಬರೂ ಕೂತರು, ಅವನ ಅಂಗಿಯ ತೋಳಿಗೆಲ್ಲ ಕಾಡಿಗೆ.

ಫೈರ್, ಅಂತಾನೆ ಹ್ಯಾರಿಸ್. ಉಸಿರು ಅರ್ಧ ಬಿಡು, ಕಡ್ಡಿ ವೃತ್ತದ ಬುಡಕ್ಕೆ ಬಂತು, ಬೆರಳು ಮೆತ್ತಗೆ, ಇನ್ನೂ ಮೆತ್ತಗೆ — ಆಕಾಶವೇ ಬಡಿದ ಹಾಗೆ ಎಡ ಭುಜಕ್ಕೆ ಏಟು, ಕೆನ್ನೆ ಉರಿ, ಬಲಗಡೆಯ ಹೊಲಿಗೆಯ ಗೆರೆ ಸುಮ್ಮನಿದೆ, ಏನೂ ಆಗಿಲ್ಲ. ದೂರದಲ್ಲಿ ಹಲಗೆ ಇಳಿದು ಏರುತ್ತದೆ, ಗುಂಡು ಬಿದ್ದ ತೂತಿನ ಮೇಲೆ ಕೆಳಗಿನ ಹಳ್ಳದಲ್ಲಿರುವವರು ಚುಚ್ಚಿದ ಗುರುತಿನ ಬಿಲ್ಲೆ, ಕೆಳಗೆ, ಎಡಕ್ಕೆ, ಕಪ್ಪಿನ ಹೊರಗೆ. ಕೈ ಮೇಲಿನಿಂದ ಹೋಗಿ ಬೋಲ್ಟ್ ಎಳೆಯುತ್ತದೆ, ಇನ್ನೊಂದು, ಏಟು, ಹಲಗೆ ಇಳಿಯುತ್ತದೆ, ಏರುತ್ತದೆ, ಬಿಲ್ಲೆ ಅಲ್ಲೇ ಇದೆ, ಅದೇ ಜಾಗ, ಹಲಗೆಗೇ ತಾಗಲಿಲ್ಲವೇ, ಹಿಂತಿರುಗದೇ ಕೇಳಿದಳು, ಎರಡನೇದು ಹಲಗೀಗೆ ಹತ್ತಿಲ್ಲೇನು. ವಿರುಪಾಕ್ಷನ ಕೆಮ್ಮು, ಆಮೇಲೆ ದನಿ. ಹತ್ತೈತಿ. ಮೊದಲನೇದರ ಬಾಜೂಕ ಹತ್ತೈತಿ, ನಾಕು ಬೆರಳೂ ಹಿಡ್ಸೂದಿಲ್ಲ ನಡುವ. ಒಂದೇ ಕಡೆ, ಎರಡೂ ಒಂದೇ ಕಡೆ, ಹೇಳಿದಲ್ಲಿಗೆ ಹೋಗುತ್ತಿದೆ, ಇನ್ನು ಹೇಳುವುದಷ್ಟೇ ಬಾಕಿ, ಸೈಟಿನ ಗುಂಡಿ ಟಿಕ್ ಟಿಕ್, ಮೇಲಕ್ಕೆ, ಟಿಕ್, ಬಲಕ್ಕೆ, ಮೂರನೆಯದು, ಏಟು, ಹಲಗೆ ಇಳಿಯಿತು, ಏರಿತು, ಕರಿ ವೃತ್ತದ ಒಳಗೆ ಬಿಳಿ ಬಿಲ್ಲೆ, ಹಿಂದೆ ಕುರ್ಚಿ ಕಿರುಗುಟ್ಟಿತು, ಅವನು ಎದ್ದು ನಿಂತಿರಬೇಕು, ನೋಡುವುದು ಬೇಡ, ಇನ್ನೂ ಗುಂಡುಗಳಿವೆ, ಗಾಳಿ ಇದೆ, ಬಾವುಟ, ಬಾವುಟ ಬೇಡ, ಭುಜದಲ್ಲಿ ನೋವು ಬೆಚ್ಚಗೆ ಹರಡುತ್ತಿದೆ, ಅದೂ ಬೇಡ, ಬೋಲ್ಟ್, ಉಸಿರು, ತೂತು, ತೂತಿನ ನಟ್ಟನಡುವೆ ಕಪ್ಪು ಕಡ್ಡಿ, ಅಲುಗುವುದಿಲ್ಲ, ಕಪ್ಪು ಕಡ್ಡಿ, ಕಡ್ಡಿ