ಅರಿವೆಯಲ್ಲಿ ಉಳಿದ ಜೀವಗಳು

ಯಮಕನಮರಡಿಯಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ನಾರುಹುಣ್ಣು ಕಾಣದ ಮನೆ ನಮ್ಮದೊಂದೇ. ಬೇಸಿಗೆ ಬಂತೆಂದರೆ ಊರಿನ ಅರ್ಧ ಜನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಹುಣ್ಣಿನಿಂದ ಹೊರಬರುವ ನೂಲಿನಂಥ ಹುಳವನ್ನು ದಿನಕ್ಕೆ ಬೆರಳುದ್ದದಂತೆ ಕಡ್ಡಿಗೆ ಸುತ್ತುತ್ತಿದ್ದರು. ನಾವು ಮಾತ್ರ ನೆಟ್ಟಗೆ ನಡೆದಾಡುತ್ತಿದ್ದೆವು. ಇದೆಲ್ಲ ಜಿನ್ನವ್ವಾಯಿಯ ಪುಣ್ಯವೆಂದು ಊರು ನಂಬಿತ್ತು. ಜಿನ್ನವ್ವಾಯಿ ನನ್ನ ಅಜ್ಜಿ. ಅವಳೂ ಅದನ್ನು ಅಲ್ಲಗಳೆದದ್ದು ನಾನು ಕೇಳಿಲ್ಲ.

ಆಯಿ ಸೋಸದ ನೀರನ್ನು ಬಾಯಿಗೆ ಹಾಕಿದವಳಲ್ಲ. ಕೊಡದ ಬಾಯಿಗೆ ಎರಡು ಪದರ ಅರಿವೆ ಕಟ್ಟಿ ನೀರು ಸುರಿಯುವಳು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳಿಗೆ ನೋವಾಗಬಾರದೆಂಬುದೇ ಇದರ ಉದ್ದೇಶ, ತನ್ನ ಆರೋಗ್ಯವಲ್ಲ. ಆಮೇಲೆ ಅರಿವೆಯನ್ನು ಮಗುಚಿ, ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ತಂಬಿಗೆಯಲ್ಲಿ ಹಿಡಿದು ಭಾವಿಯ ಮೂವತ್ತೆರಡು ಮೆಟ್ಟಿಲು ಇಳಿಯುವಳು. ಮೇಲಿನಿಂದ ಸುರಿದರೆ ಪೆಟ್ಟಾದೀತೆಂದು ಬಗ್ಗಿ, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ, ನೀರಿಗೆ ಬಿಡುವಳು.

ಪಕ್ಕದಲ್ಲೇ ನಮ್ಮ ಮನೆಯ ಆಳು ಹೊಳೆಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ದನಗಳಿಗೆ ಕೊಡ ತುಂಬುತ್ತ, ಬಾಯಾರಿದರೆ ಅಲ್ಲೇ ಬೊಗಸೆಯಲ್ಲಿ ಕುಡಿಯುತ್ತಿದ್ದ. ಮೂರು ಬೇಸಿಗೆ ಅವನಿಗೆ ನಾರು ಬಂದಿತ್ತು. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಅದು ಮೊಣಕಾಲಿನಲ್ಲೇ ಬಾಯಿಬಿಟ್ಟಿತು. ಇನ್ನೊಂದು ಸಲ ಅಲ್ಲಿ ಬಂದರೆ ಕಾಲು ಸೆಟೆದುಕೊಂಡು ಮತ್ತೆ ಮಡಚಲಾರದೆಂದು ಔಷಧ ಕೊಡುವವರು ಹೇಳಿದ್ದರು. ಕಾಲು ಮಡಚದವನು ಮೆಟ್ಟಿಲು ಇಳಿಯುವುದು ಹೇಗೆ, ನೇಗಿಲ ಹಿಂದೆ ನಡೆಯುವುದು ಹೇಗೆ?

ಕಾಲೇಜಿನ ಮೊದಲ ವರ್ಷ ಮುಗಿಸಿ ನಾನು ರಜೆಗೆ ಬಂದಿದ್ದೆ. ಅದೇ ವಾರ ಆರೋಗ್ಯ ಖಾತೆಯ ಶಿದ್ಲಿಂಗಪ್ಪನವರು ಸೈಕಲ್ಲಿನ ಮೇಲೆ ಬಂದು, ಭಾವಿಯ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು ತೋರಿಸಿದರು. ಬಿಳಿಯ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಹುಣ್ಣಿನ ಕಾಲು ನೀರಿಗಿಟ್ಟರೆ ನಾರಿನ ಮರಿಗಳು ನೀರಿಗೆ ಬೀಳುತ್ತವೆ, ಈ ಚುಕ್ಕೆಗಳು ಅವನ್ನು ನುಂಗುತ್ತವೆ, ಚುಕ್ಕೆಗಳನ್ನು ಕುಡಿದವನಿಗೆ ಒಂದು ವರ್ಷಕ್ಕೆ ನಾರು ಬರುತ್ತದೆ ಎಂದು ವಿವರಿಸಿದರು. ನಮ್ಮ ಮನೆಯನ್ನು ಉಳಿಸಿದ್ದು ಆಯಿಯ ಅರಿವೆ. ಅರಿವೆಗೆ ಸಿಕ್ಕಿದ್ದನ್ನು ದಿನಾ ಬೆಳಿಗ್ಗೆ ಭಕ್ತಿಯಿಂದ ಹೊಳೆಪ್ಪನ ಬೊಗಸೆಯ ಬಳಿಗೆ ತಲುಪಿಸುತ್ತಿದ್ದವಳೂ ಆಯಿಯೇ.

ಆಯಿ ಕೇಳಿದಳು:

"ಹಂಗಾದ್ರ ಒಣಾ ನೆಲದ ಮ್ಯಾಲ ಸುರುವ್ಲೇನ್ರಿ? ಅವುಗೋಳ ನೀರು ಕಸಗೊಂಡಾಕಿ ನಾನು. ತಿರುಗಿ ಕೊಡಬೇಕಲ್ಲ?"

ನೆಲಕ್ಕೆ ಸುರಿಯುವುದು ಬೇಡ, ಭಾವಿಗೆ ಮೀನು ಬಿಡೋಣ, ಚುಕ್ಕೆಗಳನ್ನು ಅವು ತಿಂದು ಹಾಕುತ್ತವೆ ಎಂದರು ಶಿದ್ಲಿಂಗಪ್ಪ. ಎರಡು ಬೇಸಿಗೆಯೊಳಗೆ ನಾರು ನಿಲ್ಲದಿದ್ದರೆ ಮೆಟ್ಟಿಲು ಒಡೆದು ಭಾವಿ ಮುಚ್ಚಬೇಕಾದೀತೆಂದೂ ಮೆತ್ತಗೆ ಹೇಳಿದರು. ಆಯಿ ಹೊಳೆಪ್ಪನ ಮೊಣಕಾಲಿನ ಕಡೆ ನೋಡಿದಳು.

"ನಾ ಹೂಂ ಅನ್ನಾಂಗಿಲ್ಲ, ಒಲ್ಲೆ ಅನ್ನಾಂಗೂ ಇಲ್ಲ," ಎಂದಳು.

ಘಟಪ್ರಭೆಯಿಂದ ಚಿಮಣಿ ಎಣ್ಣೆಯ ಡಬ್ಬಿಗಳಲ್ಲಿ ಮೀನು ಬಂದ ದಿನ ಆಯಿ ಭಾವಿಗೆ ಬೆನ್ನು ಮಾಡಿ ಕೂತಿದ್ದಳು. ಕೊಲೆಗಡುಕರನ್ನು ಡಬ್ಬಿಯಲ್ಲಿ ಮೆರವಣಿಗೆ ತಂದಿದ್ದಾರೆಂದು ಕೇಳುವಷ್ಟು ಜೋರಾಗಿಯೇ ಗೊಣಗಿದಳು.

ನಾಲ್ಕನೆಯ ದಿನ ನಮ್ಮೂರಿನ ಉದ್ದಪ್ಪ ಗಾಳ ಹಿಡಿದು ಬಂದ. ಅವನನ್ನು ಯಾರೂ ಬೈಯುವಂತಿರಲಿಲ್ಲ. ಮನೆಬಾಗಿಲಿಗೆ ಸರಕಾರವೇ ಮೀನು ತಂದಿಟ್ಟರೆ ಯಾರು ಬಿಟ್ಟಾರು? ಆಯಿ ಎದ್ದು ಬಂದು ಕೊನೆಯ ಮೆಟ್ಟಿಲಿನಲ್ಲಿ ಅವನಿಗೆ ಅಡ್ಡ ಕೂತಳು.

"ಆಯಿ, ಮೊನ್ನಿ ನೀವ ಇವಕ್ಕ ಕೊಲೆಗಡುಕ ಅಂದಿದ್ರಿ," ಎಂದ ಉದ್ದಪ್ಪ.

"ಅಂದಿದ್ದೆ. ಕೊಲೆಗಡುಕಗೂ ಜೀವ ಇರತೈತಿ, ಉದ್ದಪ್ಪ. ನಿನಗ ಇಲ್ಲೇನು?"

ಮರುದಿನದಿಂದ ಆಯಿ ಜಪಮಣಿ ಹಿಡಿದು ಭಾವಿಯಲ್ಲೇ ಇರತೊಡಗಿದಳು. ಹುಣ್ಣಿನ ಕಾಲು ನೀರಿಗಿಟ್ಟರೆ ಮೀನು ಬೆದರುತ್ತವೆಂದು ಗದರಿ, ಅಂಥವರ ಕೊಡವನ್ನು ಬೇರೆಯವರ ಕೈಯಲ್ಲಿ ತುಂಬಿಸುತ್ತಿದ್ದಳು. ಎದುರಿಗೇ ಜನ ಸೋಸದ ನೀರು ಒಯ್ಯುವುದನ್ನು ನೋಡಲಾಗದೆ, ತನ್ನ ಹಳೆಯ ಸೀರೆಗಳನ್ನು ಹರಿದು ಊರಿನ ಕೊಡಗಳಿಗೆಲ್ಲ ಕಟ್ಟಿದಳು. ರೋಗದ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಕಾಲೇಜಿನ ವಿದ್ಯೆಯಿಂದ ನಾನು ಓಣಿ ಓಣಿಯಲ್ಲಿ ಮಾಡಿದ ಭಾಷಣವನ್ನು ಜನ ಚಹಾ ಕೊಟ್ಟು ಕೇಳಿದರು, ಅಷ್ಟೇ.

ಮರುವರ್ಷ ಹೊಳೆಪ್ಪನ ಹಿಮ್ಮಡಿಯಲ್ಲಿ ನಾರಿನ ಒಂದು ಎಳೆ ಕಂಡಿತು. ಅದು ಮೀನು ಬರುವ ಮೊದಲೇ ಕುಡಿದದ್ದು. ನಲವತ್ತರ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಕಾಲು ಚಾಚಿದವರು ಯಾರೂ ಇರಲಿಲ್ಲ. ಹೊಳೆಪ್ಪ ಎರಡೆರಡು ಕೊಡ ಹೊತ್ತು ಮೆಟ್ಟಿಲು ಏರುತ್ತಿದ್ದ.

ಮೀನು ಬಿಟ್ಟ ಬೇರೆ ಮೂರು ಊರುಗಳಲ್ಲಿ ಅವು ತಿಂಗಳೊಳಗೆ ಸಾರಾಗಿದ್ದವಂತೆ. ನಮ್ಮ ಭಾವಿಯ ಯಶಸ್ಸಿಗೆ ಖಾತೆಯ ಯೋಜನೆಯೇ ಕಾರಣವೆಂದು ವರದಿಯಾಗಿ, ಶಿದ್ಲಿಂಗಪ್ಪನವರಿಗೆ ಬಡ್ತಿಯಾಯಿತು. ಅವರು ಹೋಗುವ ಮುನ್ನ ಆಯಿಗೆ ಐದು ಗಜ ಒಳ್ಳೆಯ ಬಿಳಿ ಅರಿವೆ ತಂದುಕೊಟ್ಟರು. ಗಂಜಿಯ ವಾಸನೆ ನೀರಿಗೆ ಹತ್ತೀತೆಂದು ಮನೆಯಲ್ಲೇ ಎರಡು ಸಲ ತೊಳೆಸಿ ತಂದಿದ್ದರು. ವರದಿಯಲ್ಲಿ ಬರೆಯಲಾಗದ್ದನ್ನು ಅವರು ಹಾಗೆ ಹೇಳಿದರೆಂದು ನನಗನಿಸಿತು.

ಆಯಿ ಬೆಳಗಿನ ತಂಬಿಗೆಯನ್ನು ಬಿಡಲಿಲ್ಲ. ಅವಳ ಕಾಲಸಪ್ಪಳ ಕೇಳಿದರೆ ಮೀನುಗಳೆಲ್ಲ ಮೆಟ್ಟಿಲ ಬುಡಕ್ಕೆ ಓಡಿಬರುತ್ತಿದ್ದವು. ತನ್ನ ಮೇಲಿನ ಪ್ರೀತಿಗೆ ಬರುತ್ತವೆಂದು ಅವಳು ತಿಳಿದಿದ್ದಾಳೆ ಎಂದುಕೊಂಡು, ಅವು ಬರುವುದು ತಂಬಿಗೆಯ ಚುಕ್ಕೆಗಳನ್ನು ತಿನ್ನಲು ಎಂದು ನಾನು ಅವಳಿಗೆ ಹೇಳಲಿಲ್ಲ. ಹೊಳೆಪ್ಪನೂ ಹಾಗೇ ಎಂದುಕೊಂಡಿದ್ದ. ಅವಳು ಬಗ್ಗುವ ಹೊತ್ತಿಗೆ ಸರಿಯಾಗಿ ಅವನು ಆಚೆ ದಡದಲ್ಲಿ ನಿಂತು ಮಡಿಲಿನಿಂದ ಜೋಳದ ರೊಟ್ಟಿ ಮುರಿದು ನೀರಿಗೆ ಎಸೆಯುತ್ತಿದ್ದ. ಮೀನುಗಳು ಅತ್ತ ತಿರುಗುತ್ತಿದ್ದವು. ಆಯಿ ಬಿಟ್ಟ ಜೀವಗಳಿಗೆ ಒಂದು ರೊಟ್ಟಿ ತುಣುಕಿನಷ್ಟು ಆಯುಷ್ಯ ಹೆಚ್ಚು ಸಿಗುತ್ತಿತ್ತು.

ಒಂದು ದಿನ ಹೊಳೆಪ್ಪ ಇಡೀ ರೊಟ್ಟಿಯನ್ನೇ ತಂದಿದ್ದ. ಆಯಿ ತಂಬಿಗೆಯಿಂದ ತಲೆ ಎತ್ತಲಿಲ್ಲ.

"ಅರ್ಧಾ ಸಾಕೋ, ಹೊಳೆಪ್ಪ," ಎಂದಳು. "ಹೊಟ್ಟಿ ತುಂಬಿದ್ರ ಅವು ತಮ್ಮ ಕೆಲಸಾ ಮರೀತಾವ. ನಿನ್ನ ಮೊಣಕಾಲು ನೋಡ್ಕೊಳ್ಳೋರು ಯಾರು?"

ಹೊಳೆಪ್ಪ ಉಳಿದರ್ಧ ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡ. ಆಯಿ ತಂಬಿಗೆ ಬಗ್ಗಿಸಿದಳು.