ಖಂಡೇಪೂಜೆಗೆ ಕೂತ ಬುತ್ತಿ ಡಬ್ಬಿ

"ನಿನ್ನ ಕೈಗಿ ದುಡಿಯೋ ಸಾಮಾನ ಬಂದ ದಿನ ನಾನೇ ಎತ್ತಿ ಜಗಲಿ ಮ್ಯಾಲ ಇಡ್ತೀನಿ, ಸಾಕೇನು?" ಎಂದು ಅಣವೀರಪ್ಪ ಮಗಳು ಜಯದೇವಿಗೆ ಮಾತು ಕೊಟ್ಟಾಗ ಅವಳಿನ್ನೂ ಪರಕಾರ ಉಟ್ಟು ಓಡಾಡುವ ಹುಡುಗಿ. ಅಂದು ಮಹಾನವಮಿ. ಕಮಲಾಪುರದ ಮನೆಯಲ್ಲಿ ದೇವರ ಜಗಲಿಯ ಮೇಲೆ ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿ, ತೂಕದ ಕಲ್ಲು, ಹೊಲದ ಕುಡಗೋಲು ಖಂಡೇಪೂಜೆಗೆ ಕೂತಿದ್ದವು. ಅವುಗಳ ನಡುವೆ ಜಯದೇವಿ ತನ್ನ ಪಾಟಿ ತಂದಿಟ್ಟಿದ್ದಳು. ಅಪ್ಪ ನಕ್ಕು ಕೆಳಗಿಳಿಸಿದ. ಅವಳು ರಂಪ ಮಾಡಿ ಅತ್ತಾಗ ಹುಟ್ಟಿದ ಮಾತದು. ಕೊಟ್ಟವನು ಮರೆತ. ಇಸಿದುಕೊಂಡವಳು ಮರೆಯಲಿಲ್ಲ.

ಪಿಯುಸಿ ಮುಗಿಸಿ ಅವಳು ಕಲಬುರಗಿಯಲ್ಲಿ ಕಂಪ್ಯೂಟರ್ ಕೋರ್ಸಿಗೆ ಸೇರಿದಳು. ಟೈಪಿಂಗ್ ಕಲಿತು ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಹಿಡಿಯುತ್ತಾಳೆಂದು ಅಪ್ಪ ತಿಳಿದಿದ್ದ. ಅವಳ ಮನಸ್ಸು ಹೋಗಿದ್ದು ಮಶೀನಿನ ಹೊಟ್ಟೆಯೊಳಕ್ಕೆ. ಆದರೆ ರಿಪೇರಿ ಕಲಿಸುವ ಹೊತ್ತಿಗೆ ಸರ್ ಹುಡುಗರನ್ನಷ್ಟೇ ಕರೆಯುತ್ತಿದ್ದರು. "ನಿನಗ್ಯಾಕವ್ವ ಸ್ಕ್ರೂಡ್ರೈವರು?" ಎಂದು ತಮ್ಮ ಪೆಟ್ಟಿಗೆಯನ್ನು ಕಾಲಲ್ಲಿ ಆಚೆ ಸರಿಸುತ್ತಿದ್ದರು.

ನಿಮ್ಮದು ಮುಟ್ಟಗೊಡದಿದ್ದರೆ ಹೋಯಿತು, ನನ್ನದೇ ಮಾಡಿಕೊಳ್ಳುತ್ತೇನೆ ಎಂದು ಅವಳು ಹಟಕ್ಕೆ ಬಿದ್ದಳು.

ಅವ್ವ ಶಾರದಾಬಾಯಿಯ ಮೂರು ಖಾನೆಯ ಹಳೆಯ ಬುತ್ತಿ ಡಬ್ಬಿಯೇ ಅವಳ ಪೆಟ್ಟಿಗೆಯಾಯಿತು. ಮೇಲಿನ ಖಾನೆಯಲ್ಲಿ ದೊಡ್ಡದೊಂದು ಸಣ್ಣದೊಂದು ಸ್ಕ್ರೂಡ್ರೈವರು, ಗಡಿಯಾರ ರಿಪೇರಿಯ ನಬಿಸಾಬ್ ಕೊಟ್ಟ ಸಣ್ಣ ಮೂತಿಯ ಚಿಮಟ. ನಡುವಿನದರಲ್ಲಿ ಧೂಳು ಹೊಡೆಯಲು ಮೆತ್ತನೆಯ ಬ್ರಶ್ಶು, ಶಾಲೆಯ ದಿನಗಳ ರಬ್ಬರು, ಬಿಡಿ ಸ್ಕ್ರೂ ತುಂಬಿದ, ಹಣೆಗಿಡುವ ಟಿಕಳಿಯ ಖಾಲಿ ಡಬ್ಬಿ. ತಳದಲ್ಲಿ ರೇಡಿಯೋ ಅಂಗಡಿಯವನಿಂದ ಕಾಡಿ ಬೇಡಿ ತಂದ, ಕರೆಂಟು ಅಳೆಯುವ ಹಳೆಯ ಮೀಟರು, ಮಶೀನು ಎದ್ದೇಳದಿದ್ದಾಗ ಹಾಕುವ ಫ್ಲಾಪಿ. ಮೊದಮೊದಲು ಎಲ್ಲ ಒಂದೇ ಖಾನೆಯಲ್ಲಿದ್ದವು. ಸ್ಕ್ರೂ ಅಂಟಿಕೊಳ್ಳಲೆಂದು ಡ್ರೈವರಿನ ತುದಿಯನ್ನು ಅಯಸ್ಕಾಂತಕ್ಕೆ ತಿಕ್ಕಿದ್ದಳು. ಪಕ್ಕದಲ್ಲೇ ಮಲಗಿದ್ದ ಫ್ಲಾಪಿ ಕೆಟ್ಟುಹೋಯಿತು. ಅಂದಿನಿಂದ ಇಬ್ಬರಿಗೂ ಬೇರೆ ಮನೆ.

ಅವಳು ಡಬ್ಬಿ ಹಿಡಿದು ಬಸ್ಸಿಳಿದು ಬಂದಾಗಲೆಲ್ಲ ಟೆಂಪೋ ಓಡಿಸುವ ಅಣ್ಣ ನೀಲಕಂಠ ಕಾಲೆಳೆಯುತ್ತಿದ್ದ. "ಏನ್ ಜಯಕ್ಕಾ, ಇವತ್ತ ಸ್ಕ್ರೂ ಪಲ್ಯಾ ಮಾಡಿದ್ಯೋ, ತಂತಿ ಸಾರೋ?"

ಆ ವರ್ಷದ ಮಹಾನವಮಿಯ ಹಿಂದಿನ ಸಂಜೆ ಅವಳು ಡಬ್ಬಿಯನ್ನು ತೊಳೆದು ಒರೆಸಿ ಅಪ್ಪನ ಮುಂದಿಟ್ಟಳು. "ಅಪ್ಪಾ, ನನ್ನ ಸಾಮಾನ. ಮಾತು ಕೊಟ್ಟಿದ್ದಿ."

ಅಣವೀರಪ್ಪ ತಕ್ಕಡಿಯ ಸರಪಳಿ ತಿಕ್ಕುತ್ತಿದ್ದ, ತಲೆ ಎತ್ತಲಿಲ್ಲ. "ಅದು ಬುತ್ತಿ ಡಬ್ಬಿ. ಇದ್ರಿಂದ ಯಾರದರ ಕೆಲಸಾ ಮಾಡೀಯೇನು? ಒಬ್ಬರರ ಕರದಾರೇನು?"

ಕರೆದಿರಲಿಲ್ಲ. ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು, ಜಯದೇವಿ ಎತ್ತಿದಳು. ಕಲಬುರಗಿಯಿಂದ ಕರೀಂಸಾಬ್, ಲಗ್ನಪತ್ರಿಕೆ ಛಾಪಿಸುವವರು. "ಬೇಟಿ, ಕಂಪ್ಯೂಟರ್ ಮಶೀನ ಚೀಂವ್ ಚೀಂವ್ ಅಂತ ಒದರಾಕತ್ತದ. ಸಂಜಿಗಿ ಪತ್ರಿಕಾ ಕೊಡಬೇಕು. ರಿಪೇರಿ ಕಲಿತೀನಿ ಅಂದಿದ್ದೆಲ್ಲ, ಬರ್ತೀಯೇನು? ಇಲ್ಲಂದ್ರ ನಿಮ್ಮ ಸರ್‌ಗೇ ಕರೀತೀನಿ."

"ಬಂದೆ ಚಾಚಾ, ಯಾರಿಗೂ ಕರೀಬ್ಯಾಡ್ರಿ!"

ಸೀರೆ ಬದಲಿಸಿ ಬರುವಷ್ಟರಲ್ಲಿ ಡಬ್ಬಿ ಇಟ್ಟಲ್ಲಿ ಇರಲಿಲ್ಲ. ಅದು ಜಗಲಿಯ ಮೇಲೆ ತಕ್ಕಡಿಗೂ ಟೆಂಪೋದ ನಟ್ಟು ಬಿಚ್ಚುವ ಅಣ್ಣನ ಪಾನಾಕ್ಕೂ ನಡುವೆ ಕೂತಿತ್ತು. ವಿಭೂತಿ ಬಳಿದಿತ್ತು, ಕುಂಕುಮ ಇತ್ತು, ಮುಚ್ಚಳದ ಮೇಲೊಂದು ಚೆಂಡು ಹೂ. ಅಣವೀರಪ್ಪ ಆರತಿ ಎತ್ತಿ ಮುಗಿಸಿದ್ದ.

"ತಗೋ, ನಿನ್ನ ಮಾತು. ಇನ್ನ ನಾಳಿ ಬನ್ನಿ ಮುಡಿಯೋತನಕ ಇದನ್ನ ಯಾರೂ ಮುಟ್ಟಂಗಿಲ್ಲ."

ಇಷ್ಟು ವರ್ಷ ಕಾದದ್ದು ಕಣ್ಣ ಮುಂದೆ ಇತ್ತು. ಅದೇ ಅವಳ ಕೆಲಸಕ್ಕೆ ಬೀಗವೂ ಆಗಿತ್ತು. ಈ ಸಲ ಜಯದೇವಿ ಅಳಲಿಲ್ಲ.

"ನಿನ್ನಿ ಬುತ್ತಿ ಡಬ್ಬಿ ಇತ್ತು. ಫೋನ್ ಬಂದ ಕೂಡ್ಲೇ ಹೆಂಗ ಆಯುಧ ಆತಪ್ಪಾ?"

"ಹೆಚ್ಚ ಮಾತಾಡಬ್ಯಾಡ. ಹಬ್ಬದ ದಿನ ಅಣವೀರಪ್ಪನ ಮಗಳು ಊರ ಮಂದಿ ಅಂಗಡ್ಯಾಗ ಸ್ಕ್ರೂ ತಿರುವಾಕತ್ಯಾಳ ಅಂದ್ರ ಮುಖಾ ಎಲ್ಲಿಡಲಿ?"

"ನನ್ನ ಟೆಂಪೋನೇ ನಿಂತದ. ನಿನ್ನ ಡಬ್ಬಿ ಒಂದಿನ ನಿಂತ್ರ ಏನ್ ಮುಳುಗ್ತದ?" ಎಂದ ನೀಲಕಂಠ.

"ನಿನ್ನ ಟೆಂಪೋ ನಾಳಿನೂ ಟೆಂಪೋನೇ ಇರ್ತದಣ್ಣಾ. ಇವತ್ತ ಆ ಕೆಲಸಾ ಬ್ಯಾರೇವ್ರ ಕೈಗಿ ಹೋತಂದ್ರ, ನಾಳಿಂದ ಇದು ಮತ್ತ ಬುತ್ತಿ ಡಬ್ಬಿನೇ."

ಅವಳು ಜಗಲಿಗೆ ಹಣೆ ಹಚ್ಚಿದಳು. ಎದ್ದವಳೇ ಎರಡೂ ಕೈಯಿಂದ ಡಬ್ಬಿ ಎತ್ತಿಕೊಂಡಳು.

"ಪೂಜಿ ಸಾಮಾನ ಎತ್ತತೀಯೇನ!" ಅಣವೀರಪ್ಪನ ದನಿ ಪಡಸಾಲೆಗೆ ಕೇಳಿತು.

"ದುಡಿಯೋ ಸಾಮಾನ ಅಂದಿದ್ದಿ. ದುಡ್ಯಾಕ ಒಯ್ಯಾಕತ್ತೀನಿ."

ಹೂ ತೆಗೆದಿಡಲು ಹೋದಳು. ಬಾಗಿಲಲ್ಲಿದ್ದ ಶಾರದಾಬಾಯಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಹೂ ಇರಲಿ. ಹಂಗೇ ಹೋಗು."

ಬಸ್ಸು ಮಹಾಗಾಂವ ದಾಟುವಾಗ ಪಕ್ಕದ ಸೀಟಿನ ಮುದುಕಿ, "ಹೋಳಿಗಿ ಒಯ್ಯಾಕತ್ತೀಯೇನವ್ವಾ?" ಎಂದಳು. "ಇಲ್ರೀ ಆಯಿ, ಸಾಮಾನ," ಎಂದಳು ಜಯದೇವಿ. ಬುತ್ತಿಯೆಂದು ಸುಳ್ಳು ಹೇಳದೆ ಅವಳು ಬಸ್ಸಿನಲ್ಲಿ ಕೂತದ್ದು ಅದೇ ಮೊದಲು.

ಕರೀಂಸಾಬರ ಮಶೀನು ಬಾಗಿಲಿಗೇ ಕೇಳುವಂತೆ ಒದರುತ್ತಿತ್ತು. ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಬಂಗಾರ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿದಳು. ಅದು ಕೂರುವ ಸಂದಿನ ಧೂಳು ಹೊಡೆದು ಟಕ್ಕೆಂದು ಕೂಡಿಸಿದಳು. ಮತ್ತೆ ಗುಂಡಿ ಒತ್ತಿದಾಗ ಒದರಾಟ ಇರಲಿಲ್ಲ, ಪರದೆ ಬೆಳಗಿತು.

ಕರೀಂಸಾಬ್ ಡಬ್ಬಿಯ ಮೇಲಿನ ಕುಂಕುಮ ನೋಡಿದರು. "ಅರೇ, ಇದಕ್ಕೂ ಪೂಜಾ ಆಗ್ಯಾದಲ್ಲ! ಯಾರು ಮಾಡ್ಯಾರ?"

"ನಮ್ಮಪ್ಪ."

ಅಣವೀರಪ್ಪ ಕೊಟ್ಟ ಮಾತು ನಡೆಸಿದ್ದ.