ರಾಕೆಟ್ಟಿಗೊಂದು ಸ್ವಾಗತ ಕಮಾನು

ರಾಕೆಟ್ಟಿನ ದೊಡ್ಡ ಭಾಗ ಹೊತ್ತ ಟ್ರೈಲರ್ ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಹೋಗಬೇಕಿತ್ತು. ದಾರಿ ಗೊತ್ತುಮಾಡಿದವಳು ನಾನು. ಅಡ್ಡ ಬರುವ ಕರೆಂಟ್ ತಂತಿ ಎತ್ತಿಸಿದ್ದೆ, ಮರದ ಕೊಂಬೆ ಕಡಿಸಿದ್ದೆ, ಹಂಪ್ ಕೀಳಿಸಿದ್ದೆ, ಕಂಡಕಂಡವರ ಕೈಕಾಲು ಹಿಡಿದಿದ್ದೆ. ಈಗ ಟ್ರೈಲರಿನ ಜೊತೆ ಬಂದು ನೋಡಿದರೆ ನಮ್ಮ ಬೀದಿಯ ತಿರುವಿನಲ್ಲೇ, ರಸ್ತೆಗೆ ಅಡ್ಡಲಾಗಿ, ಕಬ್ಬಿಣದ ಕಮಾನು! ಮೇಲೆ ಫ್ಲೆಕ್ಸು: ‘ರಾಕೆಟ್ಟಿಗೆ ಸ್ವಾಗತ’. ಕಮಾನು ಗಿಡ್ಡ, ಟ್ರೈಲರ್ ತೂರುವ ಹಾಗಿಲ್ಲ.

"ಯಾವ ಬುದ್ಧಿಗೇಡಿ ಕಟ್ಟಿದ್ದು ಇದನ್ನ?" ಕಿರುಚಿದೆ.

ಸೋದರಮಾವ ಜಟ್ಟಪ್ಪ ಹಾರ ಹಿಡಿದುಕೊಂಡು ಮುಂದೆ ಬಂದರು. "ನಾನೇ ಕಣಮ್ಮ."

"ಕಟ್ಟೋ ಮೊದಲು ಎತ್ತರ ಕೇಳ್ಬಾರ್ದಿತ್ತಾ ಮಾವ? ಬಿಚ್ಚಿ ಈಗಲೇ!"

"ಬಿಚ್ಚೋಕಾಗಲ್ಲ ಮಾರಾಯ್ತಿ. ಗಟ್ಟಿ ಇರ್ಲಿ ಅಂತ ವೆಲ್ಡ್ ಮಾಡಿದೀನಿ."

"ಹಾಗಾದ್ರೆ ಕತ್ತರಿಸಿ! ನಿಮ್ಮ ಸಂಭ್ರಮಕ್ಕಿಷ್ಟು ಬೆಂಕಿ ಬೀಳ!"

ರಿಟೈರಾದ ವೆಲ್ಡರ್ ಮಾವ ಗ್ಯಾಸ್ ಕಟ್ಟರ್ ಹಚ್ಚಿದರು. ಕಿಡಿ ಹಾರಿತು. ಕಮಾನು ಕಳಚಿ ರಸ್ತೆ ಬದಿಗೆ ಉರುಳಿತು, ಫ್ಲೆಕ್ಸು ಬಿಚ್ಚಿಕೊಂಡು ಮಗುಚಿ ಟ್ರೈಲರಿನ ಮುಂದೆ ಬಿತ್ತು. ಅದರ ಹಿಂಬದಿಯಲ್ಲೂ ಅಚ್ಚು ಹಾಕಿಸಿದ್ದರು. ನಮ್ಮನೆ ಕಡೆಗಿದ್ದ ಆ ಮುಖದ ತುಂಬ ನನ್ನದೇ ಫೋಟೊ: ‘ರಾಕೆಟ್ಟಿಗೆ ದಾರಿ ಮಾಡಿದ ನಮ್ಮ ದೀಪಶ್ರೀ’.

"ಹತ್ತಿಸ್ರೀ ಅದರ ಮೇಲೆ! ಲೇಟಾಗಿದೆ!" ಡ್ರೈವರಿಗೆ ಅರಚಿದೆ.

ಅವನು ಎಂಜಿನ್ ಆರಿಸಿ ಕೆಳಗಿಳಿದ. ಫ್ಲೆಕ್ಸಿನ ಧೂಳು ಕೊಡವಿ, ಮಡಚಿ, ಮಾವನ ಕೈಗೆ ಕೊಟ್ಟ.